ಮುಂದಕ್ಕೆ ಸರಿದ ಸೀಟು

2018ರ ಆಗಸ್ಟ್ 14, ಮಂಗಳವಾರ. ಬೆಳಿಗ್ಗೆ ಹನ್ನೊಂದೂವರೆ ಹೊತ್ತಿಗೆ ಆಲ್ಡನ್ ಪಾರ್ಕ್ ಪೊಲೀಸ್ ಠಾಣೆಯ ಕೌಂಟರಿನ ಮೇಲೆ ಒಬ್ಬರು ಕೈ ಬಡಿದ ರಭಸಕ್ಕೆ ಪೇದೆಯ ಕಾಫಿ ಲೋಟ ಮಗುಚಿಕೊಂಡಿತು. ಬಡಿದವರು ಡಾಕ್ಟರ್ ಗಾರ್ಡನ್ ಹೋಲೆನ್‌ಬೆಕ್, ಊರಿನ ಅರ್ಧ ಮಕ್ಕಳ ಹಲ್ಲಿಗೆ ತಂತಿ ಕಟ್ಟಿದವರು. ಅವರ 1965ರ ಪಾಂಟಿಯಾಕ್ ಜಿಟಿಓ ಕಾರು ಮನೆಯ ಮುಂದಿನಿಂದಲೇ, ಹಾಡಹಗಲೇ, ಕಾಣೆಯಾಗಿತ್ತು.

ದೂರು ಬರೆದುಕೊಳ್ಳಲು ಕೂತವನು ಡಿಟೆಕ್ಟಿವ್ ಸಾರ್ಜೆಂಟ್ ಹೆಂಕ್ ವಿಸರ್. ಅಮೆರಿಕದ ಕಾರು ಕಾರ್ಖಾನೆಗಳ ಊರಾದ ಡೆಟ್ರಾಯಿಟಿನ ಮಗ್ಗುಲಲ್ಲೇ ಹುಟ್ಟಿ ಬೆಳೆದರೂ ಹಳೇ ಕಾರು ಅಂದರೆ ಮೈಯೆಲ್ಲ ಉರಿಯುತ್ತಿದ್ದ ಅಪರೂಪದ ಪ್ರಾಣಿ. ಅವನು ಓಡಿಸುತ್ತಿದ್ದುದು ಜಪಾನಿನ ಕಾರು. ಅದಕ್ಕಾಗಿ ಸ್ವಂತ ಠಾಣೆಯವರೇ ಅವನ ವೈಪರಿಗೆ ಬೈಗುಳದ ಚೀಟಿ ಸಿಕ್ಕಿಸುತ್ತಿದ್ದರು. ಆಗಸ್ಟಿನ ಮೂರನೇ ಶನಿವಾರ ವುಡ್‌ವರ್ಡ್ ರಸ್ತೆಯಲ್ಲಿ ಹಳೇ ಕಾರುಗಳ ಮೆರವಣಿಗೆ. ಅದರ ಹಿಂದಿನ ಇಡೀ ವಾರ ಸಾವಿರಾರು ಕಾರುಗಳು ಗುಟುರು ಹಾಕುತ್ತ ಮೇಲೆ ಕೆಳಗೆ ಅಡ್ಡಾಡುತ್ತವೆ, ಪೊಲೀಸರಿಗೆ ರಜೆ ಗಿಜೆ ಏನೂ ಇರುವುದಿಲ್ಲ. ಅಂಥ ವಾರದಲ್ಲಿ ಈ ದೂರು ಬಂದಿತ್ತು.

"ಕೀ ಎಲ್ಲಿತ್ತು?" ವಿಸರ್ ಕೇಳಿದ.

"ನನ್ನ ಜೇಬಲ್ಲಿ. ಈಗಲೂ ಇಲ್ಲೇ ಇದೆ."

"ಇನ್ನೊಂದು?"

"ಇನ್ನೊಂದು ಇಲ್ಲ. ಕಾರಿನ ಜೊತೆ ಬಂದಿದ್ದೇ ಒಂದು. ಬೀಗ ಫ್ಯಾಕ್ಟರಿಯಲ್ಲಿ ಹಾಕಿದ್ದು, ನಾನು ಬದಲಾಯಿಸಿಲ್ಲ. ಅಂಥದ್ದನ್ನ ಬದಲಾಯಿಸೋನು ಮನುಷ್ಯನೇ ಅಲ್ಲ."

ಡಾಕ್ಟರು ಅಷ್ಟಕ್ಕೆ ನಿಲ್ಲಿಸಲಿಲ್ಲ. ಆ ಕಾರಿನ ಪುರಾಣವನ್ನೆಲ್ಲ ಬಿಚ್ಚಿದರು. ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಎಂಜಿನ್ ಹಾಕಕೂಡದು ಅಂತ ಆಗ ಕಂಪನಿಯ ಮೇಲಿನವರ ಕಟ್ಟಪ್ಪಣೆ ಇತ್ತಂತೆ. ಎಂಜಿನಿಯರುಗಳು ಕಿಲಾಡಿಗಳು. ಹೊಸ ಕಾರು ಅಂದರೆ ತಾನೇ ಅಡ್ಡಿ ಅಂತ, ಮಾಮೂಲಿ ಮನೆಮಂದಿಯ ಕಾರಿಗೆ 'ಹೆಚ್ಚುವರಿ ಸೌಕರ್ಯ' ಅಂತ ಹೆಸರಿಟ್ಟು ದೊಡ್ಡ ಎಂಜಿನನ್ನು 1964ರಲ್ಲಿ ಒಳಗೆ ತೂರಿಸಿಬಿಟ್ಟರು. ಐದು ಸಾವಿರ ಹೋದರೆ ಹೆಚ್ಚು ಅಂದುಕೊಂಡಿದ್ದು ಮೊದಲ ವರ್ಷವೇ ಮೂವತ್ತು ಸಾವಿರ ದಾಟಿತು. ಹುಡುಗರು ಜಿಟಿಓ ಅಕ್ಷರ ತಿರುಚಿ ಅದನ್ನು 'ಗೋಟ್', ಅಂದರೆ 'ಮೇಕೆ' ಅಂತ ಕರೆದರು, ವುಡ್‌ವರ್ಡಿನ ಸಿಗ್ನಲ್‌ಗಳಲ್ಲಿ ರಾತ್ರಿಯೆಲ್ಲ ಪಂದ್ಯ ಕಟ್ಟಿದರು. ಹತ್ತು ವರ್ಷಕ್ಕೆ ಪೆಟ್ರೋಲು, ವಿಮೆ ಎರಡೂ ಗಗನಕ್ಕೇರಿ ಮೇಕೆಯ ಕತೆ ಮುಗಿಯಿತು. ಆದರೆ ಡಾಕ್ಟರ ಮೇಕೆ ಬರೀ ಮೇಕೆಯಲ್ಲ. ಅದು ಚೆಟ್ ಮಲಿನೋವ್ಸ್ಕಿ ಎಂಬಾತ ಎರಡು ಬೇಸಿಗೆ ಒಮ್ಮೆಯೂ ಸೋಲದೆ ಓಡಿಸಿದ ಕಾರು. ಚೆಟ್ ಇನ್ನೂ ಬದುಕಿದ್ದಾನೆ, ಶನಿವಾರ ಕಾರಿನ ಪಕ್ಕದಲ್ಲೇ ಕೂತು ಜನರಿಗೆ ರುಜು ಹಾಕಿಕೊಡುವವನಿದ್ದಾನೆ, ಅದಾದ ಮೇಲೆ ಕಾರು ಹರಾಜಿಗೆ.

"ಕಳ್ಳ ಯಾರು ಅಂತ ನನಗೆ ಗೊತ್ತು, ಸಾರ್ಜೆಂಟ್. ಕೋಡಿ ಶ್ರಾಮ್. ಬರೆದುಕೊಳ್ಳಿ."

ಕೋಡಿ ಶ್ರಾಮ್, ಮೂವತ್ತೆರಡು ವರ್ಷ. ಕಾರನ್ನು ಹೊಸದರಂತೆ ಮಾಡಿಕೊಟ್ಟ ಲೈಲ್ ಪ್ರೂಟ್‌ನ ವರ್ಕ್‌ಶಾಪಿನ ಕೆಲಸಗಾರ. ಕಾರು ಕದ್ದೇ ಜೈಲಿಗೆ ಹೋಗಿ ಷರತ್ತಿನ ಮೇಲೆ ಹೊರಗೆ ಬಂದು ಎಂಟು ತಿಂಗಳಾಗಿತ್ತು. ಅವತ್ತು ಬೆಳಿಗ್ಗೆ ಡಾಕ್ಟರ ಮನೆ ಮುಂದೆ ಕಾರು ತೊಳೆಯುತ್ತಿದ್ದವನು ಅವನೇ. ಬಕೆಟ್ಟಿನ ನೀರು ಬದಲಾಯಿಸಲು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಕಾರಿರಲಿಲ್ಲ ಎಂಬುದು ಅವನ ಮಾತು. ಎಂಜಿನ್ ಶಬ್ದ ಕೇಳಿಸಿತಂತೆ. ಆದರೆ ಆ ವಾರ ಆ ಬೀದಿಯಲ್ಲಿ ಅಂಥ ಶಬ್ದಕ್ಕೆ ಯಾರು ತಿರುಗಿ ನೋಡುತ್ತಾರೆ?

ಹನ್ನೆರಡೂಕಾಲಿಗೆ ಎಫ್‌ಐಆರ್ ಆಯಿತು. ವಿಸರ್ ಪೇದೆ ಕೋರಾ ಬೂನ್‌ಳನ್ನು ಕರೆದುಕೊಂಡು ಸ್ಥಳಕ್ಕೆ ಹೋಗಿ ಪಂಚನಾಮೆ ಮಾಡಿದ. ಗಾಜಿನ ಚೂರಿಲ್ಲ, ಎಳೆದೊಯ್ದ ಗುರುತಿಲ್ಲ, ತುಂಡಾದ ವೈರಿಲ್ಲ. ಒದ್ದೆ ನೆಲದ ಮೇಲೆ ಟೈರಿನ ಎರಡು ಸಾಲು ನೇರವಾಗಿ, ಅವಸರವಿಲ್ಲದೆ ಬೀದಿಗೆ ಇಳಿದಿತ್ತು. ಅಂದರೆ ಯಾರೋ ಕೂತು, ಕೀ ತಿರುಗಿಸಿ, ತಮ್ಮದೇ ಕಾರು ಅನ್ನುವ ಹಾಗೆ ಹೋಗಿದ್ದಾರೆ. ಕೀಲಿಕೈಯ ಅಚ್ಚು ತೆಗೆಯುವ ಅವಕಾಶ ಇದ್ದದ್ದು ಪ್ರೂಟ್‌ಗೆ ಮತ್ತು ಕೋಡಿಗೆ. ಪ್ರೂಟ್ ಬೆಳಿಗ್ಗೆಯಿಂದ ಮೂವರು ಗಿರಾಕಿಗಳ ಎದುರೇ ಇದ್ದ. ಹಾಗಾಗಿ ಕೋಡಿಯನ್ನು ಒಳಗೆ ಹಾಕುವುದು ಬಿಟ್ಟರೆ ದಾರಿ ಇರಲಿಲ್ಲ.

ವಿಚಾರಣೆಯಲ್ಲಿ ಕೋಡಿ ಮುಖ ಕೊಟ್ಟು ಮಾತಾಡಲಿಲ್ಲ.

"ಕಾರು ಯಾರಿಗೆ ಕೊಟ್ಟೆ?"

"ಯಾರಿಗೂ ಇಲ್ಲ."

"ನಿನ್ನ ಹಳೇ ಗೆಳೆಯರು?"

"ನೋಡಿ ಸಾರ್, ಶುಕ್ರವಾರ ಬೆಳಿಗ್ಗೆ ನನ್ನ ಷರತ್ತಿನ ವಿಚಾರಣೆ ಇದೆ. ಅಷ್ಟರೊಳಗೆ ಈ ಕೇಸು ನನ್ನ ಕೊರಳಿಗೇ ಬಿದ್ದಿದ್ರೆ ಉಳಿದ ನಾಲ್ಕು ವರ್ಷ ಪೂರ್ತಿ ಒಳಗೆ. ಯಾರೂ ಇನ್ನೊಂದು ಸಲ ಕೇಳಲ್ಲ. ನಾನು ಹೇಳಿದ್ದನ್ನ ನೀವೂ ನಂಬಲ್ಲ. ಮತ್ಯಾಕೆ ನನ್ನ ಬಾಯಿ ನೋಯಿಸ್ತೀರಿ?"

ವಿಸರ್‌ಗೆ ಅವನ ಮೇಲೆ ಕನಿಕರವೇನೂ ಹುಟ್ಟಲಿಲ್ಲ. ಕಾರುಗಳ್ಳರನ್ನು ಅವನು ಇಪ್ಪತ್ತು ವರ್ಷ ನೋಡಿದ್ದ. ಎಲ್ಲರೂ ಹೀಗೇ ಮಾತಾಡುತ್ತಿದ್ದರು.

ಸಂಜೆ ಏಳಕ್ಕೆ ಕಾರು ಸಿಕ್ಕಿತು. ವುಡ್‌ವರ್ಡಿನ ಉತ್ತರದ ಕಡೆ, ಒಂದು ಔಷಧಿ ಅಂಗಡಿಯ ಹಿಂದಿನ ಪಾರ್ಕಿಂಗ್ ಜಾಗದಲ್ಲಿ ಅದು ಗೆರೆಯೊಳಗೆ ಅಚ್ಚುಕಟ್ಟಾಗಿ ನಿಂತದ್ದನ್ನು ಬೂನ್ ನೋಡಿದಳು. ಹೊರಗೆ ಒಂದು ಗೀರಿಲ್ಲ. ಒಳಗೆ ಮಾತ್ರ ವಿಚಿತ್ರ. ಡ್ರೈವರ್ ಸೀಟಿನ ಕೆಳಗಿನ ಕಾರ್ಪೆಟ್ಟನ್ನು ನೀಟಾಗಿ ಕತ್ತರಿಸಿ ಮಡಚಿದ್ದರು. ನೆಲದ ತಗಡಿಗೆ ಹೊಸದಾಗಿ ನಾಲ್ಕು ತೂತು ಕೊರೆದು, ಸೀಟನ್ನು ಮೂರಂಗುಲ ಮುಂದಕ್ಕೆ ತಂದು ಬೋಲ್ಟು ಬಿಗಿದಿದ್ದರು. ಕೊರೆದ ತೂತಿನ ಅಂಚಿಗೆ ತುಕ್ಕು ಹಿಡಿಯದಿರಲಿ ಅಂತ ಕೆಂಪು ಬಣ್ಣ ಬೇರೆ ಬಳಿದಿದ್ದರು.

ಡಾಕ್ಟರು ನೋಡಿದವರೇ ನೆಲಕ್ಕೆ ಕುಕ್ಕರಿಸಿದರು. ಕದ್ದಿದ್ದರೆ ವಿಮೆಯಾದರೂ ಬರುತ್ತಿತ್ತು, ಇದು ಕೊಲೆ ಅಂದರು. ಕಾರು ಫ್ಯಾಕ್ಟರಿಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೇ ಇರಬೇಕು, ಒಂದು ತೂತು ಹೆಚ್ಚಿದ್ದರೂ ಪರೀಕ್ಷಕರು ಅಂಕ ಕಳೆಯುತ್ತಾರೆ, ಇಲ್ಲಿ ನಾಲ್ಕಿವೆ. ಕೋಡಿ ಹೊಟ್ಟೆಕಿಚ್ಚಿಗೇ ಮಾಡಿದ್ದು, ಅವನನ್ನು ಬಿಟ್ಟರೆ ಮೇಯರ್ ತನಕ ಹೋಗುತ್ತೇನೆ ಅಂತ ಬೆದರಿಸಿದರು.

ವಿಸರ್‌ನ ತಲೆಯಲ್ಲಿ ಹುಳ ಬಿಟ್ಟದ್ದು ಆ ಕೆಂಪು ಬಣ್ಣ. ಹಾಳು ಮಾಡಲು ಬಂದವನು ಸುತ್ತಿಗೆ ತರುತ್ತಾನೆ. ತುಕ್ಕು ಹಿಡಿದೀತು ಅಂತ ಯೋಚಿಸುತ್ತಾನೆಯೇ? ಮೇಲಾಗಿ ಕೋಡಿ ಆರಡಿಯ ಆಳು. ಸೀಟನ್ನು ಮುಂದಕ್ಕೆ ತಂದರೆ ಅವನಿಗೆ ಕೂರುವುದಕ್ಕೇ ಆಗುವುದಿಲ್ಲ.

ಬುಧವಾರ ಬೆಳಿಗ್ಗೆ ಅವನು ಬೂನ್‌ಳೊಂದಿಗೆ ಮತ್ತೆ ಡಾಕ್ಟರ ಗ್ಯಾರೇಜಿಗೆ ಹೋದ. ಶನಿವಾರಕ್ಕೆಂದು ಮಾಡಿಸಿದ ದೊಡ್ಡ ಬೋರ್ಡು ಗೋಡೆಗೆ ಒರಗಿತ್ತು. 'ವುಡ್‌ವರ್ಡಿನ ರಾಜ ಚೆಟ್ ಮಲಿನೋವ್ಸ್ಕಿ' ಎಂದು ಮೇಲೆ. ಕೆಳಗೆ ಆಳೆತ್ತರಕ್ಕೆ ಹಿಗ್ಗಿಸಿದ ಕಪ್ಪುಬಿಳುಪು ಫೋಟೊ. ಕಾರಿನ ಬಾಗಿಲು ತೆರೆದಿದೆ, ಇಪ್ಪತ್ತೆರಡರ ಚೆಟ್ ಚಕ್ರ ಹಿಡಿದು ಕೂತು ಹಲ್ಲು ಕಿರಿಯುತ್ತಿದ್ದಾನೆ, ಮಂಡಿಗಳೆರಡೂ ಸ್ಟೀರಿಂಗಿನ ಆಚೆ ಈಚೆ ಮೇಲೆದ್ದಿವೆ. ಅದು ಅವನ ಪ್ರಸಿದ್ಧ ಭಂಗಿಯಂತೆ, ಕುದುರೆ ಜಾಕಿಯ ಹಾಗೆ ಮುದುಡಿಕೊಂಡೇ ಓಡಿಸುತ್ತಿದ್ದನಂತೆ. ಮೂರು ಕಾರು ಪತ್ರಿಕೆಗಳು ಅದನ್ನು ಹೊಗಳಿ ಬರೆದಿವೆ ಅಂತ ಡಾಕ್ಟರು ಅಷ್ಟು ದುಃಖದಲ್ಲೂ ಹೇಳಿದರು.

"ಬೂನ್, ಹೀಗೆ ಕೂತು ಕ್ಲಚ್ ಒತ್ತೋಕಾಗುತ್ತಾ ನಿನಗೆ?" ವಿಸರ್ ಮೆಲ್ಲಗೆ ಕೇಳಿದ.

"ನನ್ನ ತಮ್ಮನ ಮೂರು ಗಾಲಿ ಸೈಕಲ್ ಮೇಲೆ ಕೂತರೆ ಹೀಗೇ ಕಾಣ್ತೀನಿ, ಸಾರ್ಜ್," ಅಂದಳು ಬೂನ್.

ಅಲ್ಲಿಂದ ನೇರ ಪ್ರೂಟ್‌ನ ವರ್ಕ್‌ಶಾಪಿಗೆ. ಲೈಲ್ ಪ್ರೂಟ್ ಪೊಲೀಸರ ಕಡೆ ತಿರುಗದೆಯೇ ಮಾತಾಡುವ ಮನುಷ್ಯ. ಜಪಾನಿನ ಕಾರಿನಲ್ಲಿ ಬಂದವರಿಗೆ ಇಲ್ಲಿ ಜಾಗವಿಲ್ಲ, ಬೀದಿಯಲ್ಲಿ ನಿಲ್ಲಿಸಿ ಅಂದ. ನಿಲ್ಲಿಸಿ ಬಂದು ವಿಸರ್ ಒಂದೇ ಪ್ರಶ್ನೆ ಕೇಳಿದ: ಕಾರು ಇಲ್ಲಿಗೆ ಬಂದಾಗ ನೆಲದಲ್ಲಿ ತೂತುಗಳಿದ್ದವೇ?

ಪ್ರೂಟ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಇದ್ದವು ಅಂದ. ನಾಲ್ಕು ಹಳೇ ತೂತು, ಈಗ ಕೊರೆದಿರುವ ಜಾಗದಲ್ಲೇ. ಫ್ಯಾಕ್ಟರಿಯದಲ್ಲ ಅಂತ ವೆಲ್ಡ್ ಮಾಡಿ ಮುಚ್ಚಿ, ಉಜ್ಜಿ, ಬಣ್ಣ ಹೊಡೆಸಿದ್ದ. ಮುಚ್ಚಿದ್ದು ಕೋಡಿ.

ಅಲ್ಲಿಗೆ ಕೋಡಿಯ ಕುಣಿಕೆ ಇನ್ನಷ್ಟು ಬಿಗಿಯಾದಂತಾಯಿತು. ತೂತಿನ ಜಾಗ ಸರಿಯಾಗಿ ಗೊತ್ತಿದ್ದವನು ಅವನೇ ತಾನೆ? ವಿಸರ್ ಠಾಣೆಗೆ ಬಂದು ಅದನ್ನೇ ಕೇಳಿದ. ಕೋಡಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಎರಡು ದಿನ ಬೆನ್ನು ಮುರಿಯೋ ಹಾಗೆ ಕೆಳಗೆ ಮಲಗಿ ಮುಚ್ಚಿದ್ದು ನಾನು. ನಾನೇ ಮತ್ತೆ ಕೊರೀತೀನಾ? ನಿಮ್ಮ ತಲೇಲಿ ಇರೋದೇನು ಸಾರ್?"

"ಆ ತೂತಿನ ವಿಷಯ ಬೇರೆ ಯಾರಿಗೆ ಗೊತ್ತಿತ್ತು?"

ಕೋಡಿ ಭಾನುವಾರದ ಮಾತು ಹೇಳಿದ. ಡಾಕ್ಟರು ನೂರಾರು ಜನರನ್ನು ಕರೆದು ಮನೆ ಮುಂದೆ ಕಾರು ತೋರಿಸಿದ್ದರು. ಚೆಟ್ ಕೂಡ ಬಂದಿದ್ದ. ಅಲ್ಲಿಗೆ ಒಬ್ಬಳು ಕುಳ್ಳ ಮುದುಕಿ ಬಂದು, ಒಂದು ಸಲ ಒಳಗೆ ಕೂರಲಾ ಅಂತ ಕೇಳಿದಳು. ಡಾಕ್ಟರು, "ಅಜ್ಜಿ, ದೂರ ನಿಂತು ನೋಡಿ, ಇದು ನಿಮ್ಮ ಅಡುಗೆಮನೆ ಒಲೆ ಅಲ್ಲ" ಅಂದರು. ಜನ ನಕ್ಕರು. ಮುದುಕಿ ಆಮೇಲೆ ಕೋಡಿಯ ಹತ್ತಿರ ಬಂದು, ಸೀಟಿನ ಕೆಳಗಿದ್ದ ತೂತು ಏನಾದವು ಅಂತ ವಿಚಾರಿಸಿದಳು. ಮುಚ್ಚಿದ್ದೇನೆ ಅಂದಾಗ ಅವಳ ಮುಖ ಸುಟ್ಟ ಹಾಗಾಯಿತಂತೆ.

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ಎಪ್ಪತ್ತು ದಾಟಿದ ಮುದುಕಿ ಕದ್ದಳು ಅಂತ ಹೇಳಿದ್ರೆ ನೀವು ನನ್ನ ಮುಖಕ್ಕೆ ಉಗೀತಿದ್ರಿ."

ಅದಂತೂ ನಿಜವೇ.

ಚೆಟ್ ಮಲಿನೋವ್ಸ್ಕಿಯ ಮನೆಯಲ್ಲಿ ಮಧ್ಯಾಹ್ನ ಮೂರಕ್ಕೆ ಹೇಳಿಕೆ ಪಡೆದರು. ಎಪ್ಪತ್ತೈದು ವರ್ಷಕ್ಕೂ ಬಾಗದ, ಆರಡಿ ಎರಡಂಗುಲದ ಮುದುಕ. ಗೋಡೆ ತುಂಬ ತನ್ನದೇ ಪಟಗಳು. ತೂತಿನ ಮಾತೆತ್ತಿದ ಕೂಡಲೇ ಅವನ ದನಿ ಬಿಗಿಯಾಯಿತು. ತನ್ನ ಕಾಲದಲ್ಲಿ ತೂತೇ ಇರಲಿಲ್ಲ, ಆಮೇಲೆ ಕೊಂಡ ಯಾವನೋ ಕೊರೆದಿರಬೇಕು ಅಂದ. ಹಾಗಾದರೆ ಫೋಟೊದಲ್ಲಿ ನಿಮ್ಮ ಮಂಡಿ ಯಾಕೆ ಕಿವಿ ಹತ್ತಿರ ಬಂದಿದೆ ಅಂತ ಕೇಳಿದ್ದಕ್ಕೆ, ಕಾರಿನ ಗಂಧಗಾಳಿ ಇಲ್ಲದವರಿಗೆ ಅದೆಲ್ಲ ತಿಳಿಯುವುದಿಲ್ಲ ಅಂತ ಬಾಗಿಲು ತೋರಿಸಿದ. ಅಷ್ಟರಲ್ಲಿ ಬೂನ್ ಮೂಲೆಯ ಒಂದು ಪಟದ ಮುಂದೆ ನಿಂತಿದ್ದಳು. ಚರ್ಚಿನ ಮೆಟ್ಟಿಲ ಮೇಲೆ ಮಲಿನೋವ್ಸ್ಕಿ ಮನೆಯವರು. ಚೆಟ್‌ನ ಮೊಣಕೈ ಮಟ್ಟಕ್ಕೆ ಒಬ್ಬಳು ಹುಡುಗಿ.

"ಇವರು ಯಾರು?" ಅಂದಳು.

"ತಂಗಿ. ವಾಂಡಾ." ಚೆಟ್ ಬಾಗಿಲ ಹಿಡಿ ಬಿಡಲಿಲ್ಲ. "ನಮ್ಮಿಬ್ಬರಿಗೂ ಮಾತಿಲ್ಲ. ಐವತ್ತು ವರ್ಷದಿಂದ ಇಲ್ಲ. ಇನ್ನು ಹೊರಡಿ."

ವಾಂಡಾ ಡುಫ್ರೇನ್, ಎಪ್ಪತ್ತೆರಡು ವರ್ಷ, ವಿಧವೆ. ಮೂವತ್ತು ವರ್ಷ ಪಾಂಟಿಯಾಕ್ ಊರಿನ ಶಾಲಾ ಬಸ್ಸು ಓಡಿಸಿ ನಿವೃತ್ತಿಯಾದವಳು. ಗುರುವಾರ ಬೆಳಿಗ್ಗೆ ಪೊಲೀಸರು ಹೋದಾಗ ಅಂಗಳದಲ್ಲಿ ಹುಲ್ಲು ಕತ್ತರಿಸುವ ಯಂತ್ರವನ್ನು ಮಗುಚಿಕೊಂಡು ಅದರ ಅಲಗು ಬಿಚ್ಚುತ್ತಿದ್ದಳು. ಐದಡಿಗೂ ಕಡಿಮೆ. ಕಣ್ಣು ಮಾತ್ರ ಎದುರಿಗಿದ್ದವರನ್ನು ಕುಟ್ಟಿ ಪುಡಿ ಮಾಡುವಂತಿತ್ತು.

ಕಾರಿನ ವಿಷಯ ಕೇಳಿದರೆ, ಯಾವ ಕಾರು ಅಂದಳು. ಮಂಗಳವಾರ ಎಲ್ಲಿದ್ದಿರಿ ಅಂದರೆ, ನಿಮ್ಮಪ್ಪನ ಮನೆಯಲ್ಲಿ ಅಂದಳು. ಗ್ಯಾರೇಜು ನೋಡಬೇಕು ಅಂದರೆ, ಕೋರ್ಟಿನ ಅಪ್ಪಣೆ ತನ್ನಿ ಅಂದಳು. ಅರ್ಧ ಗಂಟೆ ವಿಸರ್ ಬೈಸಿಕೊಂಡ. ಅವನ ಕಾರಿಗೂ ಪಾಲು ಬಂತು.

"ಸಾಕ್ಷಿ ಇದ್ರೆ ಹಿಡ್ಕೊಂಡು ಹೋಗಿ. ಇಲ್ದಿದ್ರೆ ನನ್ನ ಹುಲ್ಲು ತುಳೀಬೇಡಿ."

ವಿಸರ್‌ಗೂ ರೇಗಿತು. "ಸರಿ ಬಿಡಿ. ಆ ಕೋಡಿ ಹೇಗೂ ಒಳಗಿದಾನೆ. ನಾಳೆ ಬೆಳಿಗ್ಗೆ ಅವನ ವಿಚಾರಣೆ. ನಾಲ್ಕು ವರ್ಷ ಬೀಳುತ್ತೆ, ಕೇಸು ಮುಗಿಯುತ್ತೆ, ನನಗೂ ಮನೆಗೆ ಹೋಗೋಕಾಗುತ್ತೆ."

ವಾಂಡಾಳ ಕೈ ನಿಂತಿತು. "ಯಾವ ಕೋಡಿ?"

"ಕಾರು ತೊಳೀತಿದ್ದವನು."

"ಆ ಉದ್ದ ಕೂದಲಿನವನಾ? ಅವನನ್ನ ಯಾಕೆ ಹಿಡಿದ್ರಿ? ಪೇಪರಿನಲ್ಲಿ ಕಾರು ಸಿಕ್ತು ಅಂತ ಅಷ್ಟೇ ಬಂದಿತ್ತಲ್ಲ." ಎದ್ದು ನಿಂತು ಕೈ ಒರೆಸಿಕೊಂಡಳು. "ಭಾನುವಾರ ಅಷ್ಟು ಜನರಲ್ಲಿ ನನಗೆ ಕುರ್ಚಿ ಹಾಕಿದ್ದು ಅವನೊಬ್ಬನೇ ಕಣ್ರೀ. ಇದನ್ನ ಬಂದ ಕೂಡಲೇ ಬೊಗಳೋಕೇನಾಗಿತ್ತು ನಿಮಗೆ?"

ಒಳಗೆ ಹೋಗಿ ಬಂದು ವಿಸರ್‌ನ ಅಂಗೈ ಮೇಲೆ ಒಂದು ಕೀಲಿಕೈ ಇಟ್ಟಳು. ಗ್ಯಾರೇಜಿನ ಬಾಗಿಲನ್ನೂ ತಾನೇ ಎತ್ತಿದಳು. ಡ್ರಿಲ್ಲು, ಕೆಂಪು ಬಣ್ಣದ ಡಬ್ಬಿ, ಕಾರ್ಪೆಟ್ಟಿನ ತುಂಡು ಎಲ್ಲ ಅಲ್ಲೇ ಇದ್ದವು. ಬೂನ್ ಒಂದೊಂದನ್ನೂ ಪಂಚನಾಮೆಯಲ್ಲಿ ಬರೆದುಕೊಂಡಳು.

ಅವಳು ಹೇಳಿದ್ದಿಷ್ಟು. 1965ರಲ್ಲಿ ಕಾರು ಕೊಂಡದ್ದು ಅಣ್ಣತಂಗಿ ಇಬ್ಬರೂ ಸೇರಿ. ಕಾಗದ ಅಣ್ಣನ ಹೆಸರಿಗೆ, ಕೀಲಿಕೈ ಇಬ್ಬರಿಗೂ ಒಂದೊಂದು. ಚೆಟ್‌ಗೆ ಗೇರು ಬದಲಾಯಿಸಲು ಬರುತ್ತಿರಲಿಲ್ಲ, ಪ್ರತಿ ಸಲ ಮೂರನೆಯದಕ್ಕೆ ತಡವರಿಸುತ್ತಿದ್ದ. ವಾಂಡಾಗೆ ಅದು ಹುಟ್ಟಿನಿಂದ ಬಂದ ಹಾಗಿತ್ತು. ಆದರೆ ಹುಡುಗಿಯ ಪಕ್ಕ ಪಂದ್ಯಕ್ಕೆ ಕಾರು ನಿಲ್ಲಿಸಲು ಆಗಿನ ಯಾವ ಗಂಡಿಗೂ ಧೈರ್ಯವಿರಲಿಲ್ಲ; ಸೋತರೆ ಊರಲ್ಲಿ ತಲೆ ಎತ್ತಲಾಗದು. ಹಾಗಾಗಿ ಪಂದ್ಯದ ಮಾತು ಚೆಟ್ ಆಡುತ್ತಿದ್ದ. ಕತ್ತಲಲ್ಲಿ ಅಣ್ಣನ ಟೋಪಿಯೊಳಗೆ ಕೂದಲು ತುರುಕಿಕೊಂಡು ವಾಂಡಾ ಓಡಿಸುತ್ತಿದ್ದಳು. ಎಷ್ಟು ಎಳೆದರೂ ಸೀಟು ಕ್ಲಚ್ಚಿಗೆ ಹತ್ತಿರ ಬಾರದೆ, ಅಪ್ಪನ ಡ್ರಿಲ್ಲಿನಿಂದ ತಾನೇ ತೂತು ಕೊರೆದು ಕೂರಿಸಿಕೊಂಡಿದ್ದಳು. ಗೆದ್ದ ಮೇಲೆ ಒಂದು ಅಡ್ಡರಸ್ತೆಗೆ ತಿರುಗಿಸಿ ಇಬ್ಬರೂ ಜಾಗ ಬದಲಾಯಿಸಿಕೊಳ್ಳುತ್ತಿದ್ದರು. ಚೆಟ್ ಮಂಡಿ ಎತ್ತಿಕೊಂಡು ಚಕ್ರ ಹಿಡಿದು, ಹುಡುಗರೆಲ್ಲ ಸೇರುತ್ತಿದ್ದ ಹೋಟೆಲಿನ ಅಂಗಳಕ್ಕೆ ಹೇಗೋ ಉರುಳಿಸಿಕೊಂಡು ಹೋಗುತ್ತಿದ್ದ. ಜನ ಅವನ ಕೈ ಕುಲುಕುತ್ತಿದ್ದರು. ಆ ಹೋಟೆಲಿದ್ದ ಜಾಗದಲ್ಲೇ ಈಗ ಔಷಧಿ ಅಂಗಡಿ ಇರುವುದು.

"ಆಗ ಅದು ತಮಾಷೆಯಾಗಿತ್ತು," ಅಂದಳು. "ಇಬ್ಬರೂ ಸೇರಿ ಊರಿಗೇ ಟೋಪಿ ಹಾಕ್ತಿದೀವಿ ಅಂತ ನಗ್ತಿದ್ವಿ. ನನ್ನ ಮೊದಲ ಹೆರಿಗೆಗೆ ಆಸ್ಪತ್ರೇಲಿದ್ದಾಗ ಒಂದು ಮಾತೂ ಕೇಳದೆ ಕಾರು ಮಾರಿದ. ಆಮೇಲೆ ಕತೆ ಹೇಳೋಕೆ ಶುರು ಮಾಡಿದ. ಹೇಳಿ ಹೇಳಿ ಅವನೇ ನಂಬಿಬಿಟ್ಟ."

"ಇಷ್ಟು ವರ್ಷ ಸುಮ್ಮನಿದ್ದವರು ಈಗ ಯಾಕೆ?"

"ಭಾನುವಾರ ಆ ಡಾಕ್ಟರು ಅಡುಗೆಮನೆ ಒಲೆ ಅಂದನಲ್ಲ, ಅದಕ್ಕಲ್ಲ. ಅವನಿಗೇನು ಗೊತ್ತು ಪಾಪ. ಪಕ್ಕದಲ್ಲೇ ಚೆಟ್ ನಿಂತಿದ್ದ. ನನ್ನ ಮುಖ ನೋಡಿಕೊಂಡೇ ನಕ್ಕ."

ಮಂಗಳವಾರ ಅವಳು ಕೀಲಿಕೈ ಹಿಡಿದುಕೊಂಡು ಹೋದದ್ದು ಅದು ತಿರುಗುತ್ತದೋ ಇಲ್ಲವೋ ನೋಡಲು ಮಾತ್ರ. ತಿರುಗಿತು. ಮನೆಗೆ ತಂದು, ತೂತು ಕೊರೆದು, ಸೀಟನ್ನು ಅದರ ಜಾಗಕ್ಕೆ ಕೂರಿಸಿ, ಸಂಜೆಯವರೆಗೆ ವುಡ್‌ವರ್ಡಿನಲ್ಲಿ ಮೇಲೆ ಕೆಳಗೆ ಓಡಿಸಿದಳು. ಸಾವಿರಾರು ಜನ ಕಾರಿಗೆ ಕೈ ಬೀಸಿದರು, ಫೋಟೊ ತೆಗೆದರು. ಚಕ್ರ ಹಿಡಿದವಳನ್ನು ಒಬ್ಬರೂ ನೋಡಲಿಲ್ಲ.

ಕೇಸು ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಮಧ್ಯಾಹ್ನ ಚೆಟ್ ಡಾಕ್ಟರನ್ನು ಕಟ್ಟಿಕೊಂಡು ಠಾಣೆಗೆ ಬಂದ. ತಂಗಿಗೆ ಮರೆವಿನ ಕಾಯಿಲೆ, ಏನೇನೋ ಬಡಬಡಿಸುತ್ತಾಳೆ, ಅವಳು ಕೊಟ್ಟ ಕೀಲಿಕೈ ತನ್ನ ಮನೆಯಿಂದ ಎಗರಿಸಿದ್ದು, ಡ್ರಿಲ್ಲು ಡಬ್ಬಿ ಎಲ್ಲ ಯಾರೋ ಅವಳ ಗ್ಯಾರೇಜಿನಲ್ಲಿ ತಂದಿಟ್ಟದ್ದು, ಕಾರು ಕದ್ದವನು ಆ ಜೈಲುಹಕ್ಕಿಯೇ ಅಂತ ಬರೆದುಕೊಡಲು ಸಿದ್ಧನಾಗಿದ್ದ. ತನ್ನ ಬೋರ್ಡು ಉಳಿಯಲಿ ಅಂತ ಒಬ್ಬ ಬಡಪಾಯಿಯ ನಾಲ್ಕು ವರ್ಷ ನುಂಗಲು ಅವನಿಗೆ ಏನೂ ಅನ್ನಿಸಲಿಲ್ಲ. ನಾಳೆ ಬೆಳಿಗ್ಗೆ ಆ ಹೇಳಿಕೆ ವಿಚಾರಣೆಗೆ ಹೋದರೆ ಮುದುಕಿಯ ತಪ್ಪೊಪ್ಪಿಗೆಗೆ ಕಾಸಿನ ಕಿಮ್ಮತ್ತಿಲ್ಲ.

ವಿಸರ್, ಹೇಳಿಕೆ ಕೊಡಲು ಠಾಣೆಗೆ ಬಂದಿದ್ದ ವಾಂಡಾಳನ್ನೂ ಸೇರಿಸಿ ಎಲ್ಲರನ್ನೂ ಠಾಣೆಯ ಹಿತ್ತಲಿಗೆ ಕರೆದುಕೊಂಡು ಹೋದ. ಜಪ್ತಿಯಾದ ಕಾರು ಸೀಟು ಮುಂದಿದ್ದ ಹಾಗೇ ನಿಂತಿತ್ತು.

"ಕೂತ್ಕೊಳ್ಳಿ," ಅಂದ ಚೆಟ್‌ಗೆ.

"ಯಾಕೆ?"

"ರಾಜರಲ್ವಾ ತಾವು? ಕೂತ್ಕೊಳ್ಳಿ."

ಆರು ಮಂದಿ ಪೇದೆಗಳು ನೋಡುತ್ತಿದ್ದರು. ಚೆಟ್ ಒಂದು ಕಾಲು ಒಳಗಿಟ್ಟು, ತಲೆ ತಗ್ಗಿಸಿ, ಹೇಗೋ ತುರುಕಿಕೊಂಡು ಕೂತ. ಮಂಡಿಗಳು ಸ್ಟೀರಿಂಗಿನ ಎರಡು ಪಕ್ಕಕ್ಕೆ ಎದ್ದುನಿಂತವು. ಬೂನ್ ಬೋರ್ಡಿನ ಫೋಟೊದ ಪ್ರತಿಯನ್ನು ಅವನ ಪಕ್ಕಕ್ಕೆ ಹಿಡಿದಳು. ಅದೇ ಮಂಡಿ, ಅದೇ ಬಾಗಿದ ಬೆನ್ನು.

"ಈಗ ಕ್ಲಚ್ ಪೂರ್ತಿ ಒತ್ತಿ, ಮೂರನೇ ಗೇರಿಗೆ ಹಾಕಿ."

ಚೆಟ್ ಎಡಗಾಲು ಎತ್ತಲು ನೋಡಿದ. ಮಂಡಿ ಡ್ಯಾಶ್‌ಬೋರ್ಡಿಗೆ ಬಡಿಯಿತು. ಇನ್ನೊಂದು ಸಲ ನೋಡಿದ. ಯಾರೂ ನಗಲಿಲ್ಲ. ವಾಂಡಾ ಕಿಟಕಿಯ ಹತ್ತಿರ ಬಂದು ನಿಂತಳು. ಅವಳ ತಲೆ ಅವನ ತಲೆಯ ಮಟ್ಟಕ್ಕೇ ಇತ್ತು.

"ಇಳಿ, ಚೆಟ್," ಅಂದಳು.

ಅವನು ಇಳಿಯಲು ಬಹಳ ಹೊತ್ತು ಹಿಡಿಯಿತು. ನೆಲದ ಮೇಲೆ ನಿಂತ ಮೇಲೆ, "ಓಡಿಸ್ತಿದ್ದಿದ್ದು ಅವಳೇ. ಬರ್ಕೊಳ್ಳಿ," ಅಂದ. ಯಾರ ಮುಖವನ್ನೂ ನೋಡದೆ ಗೇಟಿನ ಕಡೆ ನಡೆದ.

ಡಾಕ್ಟರು ಮಹಾ ಬುದ್ಧಿವಂತರು. ಐದೇ ನಿಮಿಷದಲ್ಲಿ ಅವರ ಮುಖ ಅರಳಿತು. ಟೋಪಿಯೊಳಗೆ ಕೂದಲು ತುರುಕಿಕೊಂಡ ಹುಡುಗಿ! ಇದು ಚೆಟ್‌ನ ಕತೆಗಿಂತ ಹತ್ತು ಪಾಲು ದೊಡ್ಡದು. ಆ ತೂತುಗಳು ಇರಲಿ, ಅವೇ ಈಗ ಕಾರಿನ ಪ್ರಾಣ. ತಾನು ದೂರು ವಾಪಸ್ ತೆಗೆದುಕೊಳ್ಳುತ್ತೇನೆ, ಶನಿವಾರ ಮೇಡಂ ಕಾರಿನ ಪಕ್ಕ ಕೂರಲಿ, ಹೊಸ ಬೋರ್ಡು ರಾತ್ರಿಯೇ ಬರೆಸುತ್ತೇನೆ ಅಂದರು.

"ದೂರು ವಾಪಸ್ ಹೋದ್ರೆ ಆ ಹುಡುಗನ ಗತಿ?" ವಾಂಡಾ ವಿಸರ್‌ನನ್ನು ಕೇಳಿದಳು.

ವಿಸರ್ ಇದ್ದದ್ದನ್ನು ಇದ್ದಹಾಗೆ ಹೇಳಿದ. ಕದ್ದವರು ಇಂಥವರೇ ಅಂತ ಕಡತದಲ್ಲಿ ಹೆಸರು ಬೀಳದಿದ್ದರೆ ಅನುಮಾನ ಕೋಡಿಯ ಮೇಲೇ ಉಳಿಯುತ್ತದೆ. ಷರತ್ತಿನ ಮೇಲೆ ಹೊರಗಿರುವವನಿಗೆ ಅನುಮಾನವೇ ಸಾಕು.

"ಹಾಗಾದ್ರೆ ನನ್ನನ್ನ ಹಿಡ್ಕೊಳ್ಳಿ."

ಡಾಕ್ಟರು ಬೇಡಿಕೊಂಡರು, ಆಮೇಲೆ ಗದರಿದರು. ಅವಳು ಅವರ ಕಡೆ ತಿರುಗಿಯೂ ನೋಡಲಿಲ್ಲ. ತನ್ನನ್ನು ದೂರ ನಿಲ್ಲಿಸಿದವರ ಬೋರ್ಡಿನ ಕೆಳಗೆ ಕೂತು ಹಲ್ಲು ಕಿರಿಯುವ ಆಸೆ ತನಗಿಲ್ಲ ಅಂದಳು.

ಗುರುವಾರ ಸಂಜೆ ಐದಕ್ಕೆ ವಾಂಡಾ ಡುಫ್ರೇನ್‌ಳ ದಸ್ತಗಿರಿಯಾಯಿತು. ಆರೋಪ: ಮಾಲೀಕರ ಒಪ್ಪಿಗೆಯಿಲ್ಲದೆ ವಾಹನವನ್ನು ಓಡಿಸಿಕೊಂಡು ಹೋದದ್ದು. ವಿಸರ್ ಅದನ್ನು ಓದಿ ಹೇಳಿದಾಗ ಅವಳು ಇನ್ನೊಂದು ಸಲ ಓದಿಸಿಕೊಂಡು, ಸರಿಯಾಗಿದೆ ಅಂದಳು. ಬೆರಳಚ್ಚು ಕೊಟ್ಟು ಬೆಂಚಿನ ಮೇಲೆ ಕೂತಳು.

ಅದೇ ಹೊತ್ತಿಗೆ ಕೋಡಿಯನ್ನು ಹೊರಗೆ ಬಿಟ್ಟರು. ಅವನು ತನ್ನ ಬೆಲ್ಟು, ಪರ್ಸು ತೆಗೆದುಕೊಂಡು ಬಾಗಿಲವರೆಗೆ ಹೋದವನು ತಿರುಗಿ ಬಂದು ಬೆಂಚಿನ ಮುಂದೆ ನಿಂತ.

"ನಿನ್ನಿಂದ ಮೂರು ದಿನ ಒಳಗೆ ಕೊಳೆತೆ, ಮುದುಕಿ."

"ಹೌದಪ್ಪ. ತಪ್ಪಾಯ್ತು."

ಬಿಟ್ಟರೆ ಹೊಡೆದೇಬಿಡುತ್ತಾನೇನೋ ಅಂತ ಬೂನ್ ಹತ್ತಿರ ಸರಿದಳು. ಕೋಡಿ ಹೊಡೆಯಲಿಲ್ಲ. ಹೋಗಲೂ ಇಲ್ಲ. ಮುಖ ಗಂಟು ಹಾಕಿಕೊಂಡೇ ನಿಂತಿದ್ದ.

"ಆ ಗೇರುಪೆಟ್ಟಿಗೇಲಿ ಎರಡರಿಂದ ಮೂರಕ್ಕೆ ಹೋಗುವಾಗ ಕಡ್ಡಿ ಅಡ್ಡ ದಾಟಬೇಕಲ್ಲ," ಅಂದ. "ಅಲ್ಲೇ ಎಲ್ಲರೂ ಸಾಯೋದು. ನೀನು ಹೇಗೆ ಹಾಕ್ತಿದ್ದೆ?"

ಐವತ್ಮೂರು ವರ್ಷದಲ್ಲಿ ಇದನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ವಾಂಡಾ ಬಲಗೈಯನ್ನು ಮುಂದಕ್ಕೆ ಚಾಚಿ, ಅಂಗೈಯನ್ನು ಇಲ್ಲದ ಗೇರಿನ ಗುಂಡಿನ ಮೇಲೆ ಅರ್ಧ ತೆರೆದು ಇಟ್ಟಳು. ಹಿಡಿಯಬಾರದು, ಹಿಡಿದರೆ ಕೆಟ್ಟೆ, ಬರೀ ತಳ್ಳಬೇಕು, ಅದರ ದಾರಿ ಅದೇ ಹುಡುಕಿಕೊಳ್ಳುತ್ತೆ ಅಂತ ಶುರು ಮಾಡಿದಳು. ಕೋಡಿ ಅವಳ ಪಕ್ಕ ಕೂತು ಕೇಳತೊಡಗಿದ. ನ್ಯಾಯಾಧೀಶರ ಮುಂದೆ ಹಾಜರುಪಡಿಸಲು ಹೊತ್ತಾಗಿತ್ತು. ವಿಸರ್ ಕಾಗದಗಳನ್ನು ಹಿಡಿದು ಬಾಗಿಲಲ್ಲಿ ನಿಂತವನು, ಅವಳು ಹೇಳಿ ಮುಗಿಸಲಿ ಅಂತ ಕಾದ.